ಕಣ್ಣು ಬರೆಯುವುದು ಕೊನೆಗೆ

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋದವರು ಡ್ರೆಪುಂಗ್ ಮಠದ ಸಭಾಮಂದಿರವನ್ನು ಹೊಕ್ಕ ಕೂಡಲೇ ನೋಡುವುದು ಬಣ್ಣ. ಕಂಬ, ತೊಲೆ, ಗೋಡೆ ಎಲ್ಲೆಲ್ಲೂ ಕೆಂಪು, ನೀಲಿ, ಹಸಿರು, ಹೊನ್ನು. ಹೆಚ್ಚಿನವರು ಅಲ್ಲಿಗೇ ತೃಪ್ತರಾಗಿ ಹೊರಬರುತ್ತಾರೆ. ಇನ್ನೊಂದಿಷ್ಟು ಹೊತ್ತು ನಿಂತರೆ ಬಣ್ಣ ಹಿಂದಕ್ಕೆ ಸರಿದು ಗೆರೆ ಮುಂದಕ್ಕೆ ಬರುತ್ತದೆ. ಮೋಡದ ಸುರುಳಿ, ತಾವರೆಯ ಎಸಳು, ಉತ್ತರೀಯದ ನೆರಿಗೆ, ವರದಹಸ್ತದ ಬೆರಳು: ಯಾವ ಗೆರೆಯೂ ತಡವರಿಸಿಲ್ಲ. ನನಗೆ ಆ ಮಂದಿರದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ, ಅವಸರವನ್ನೇ ಅರಿಯದ ಗೆರೆ.

ಈ ಗೆರೆ ನಮ್ಮ ಸೀಮೆಗೆ ಬಂದದ್ದು ದೊಡ್ಡ ದುಃಖದ ದಾರಿಯಲ್ಲಿ. 1959ರಲ್ಲಿ ದಲೈಲಾಮಾ ಲ್ಹಾಸಾ ಬಿಟ್ಟರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1966ರಲ್ಲಿ, ಮುಂಡಗೋಡದಲ್ಲಿ ಹೀಗೆ ಬಂದ ಟಿಬೆಟಿಯನ್ನರ ನೆಲೆ ಆರಂಭವಾಯಿತು. ಲ್ಹಾಸಾದ ಬಳಿ 1409ರಲ್ಲಿ ಹುಟ್ಟಿದ ಗಾಂದೆನ್, 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ತಲೆ ಎತ್ತಿದವು. ಊರು ಹೋದರೂ ಅಳತೆ ಉಳಿಯಿತು, ಅದು ಅವರ ಕೈಯಲ್ಲಿತ್ತು.

ಅಳತೆ ಎಂದೆ. ಟಿಬೆಟಿಯನ್ನರು ಬಟ್ಟೆಯ ಮೇಲೆ ಬರೆಯುವ ಥಂಕಾ ಚಿತ್ರ ಕಲಿಯುವ ಹುಡುಗನ ಕೈಗೆ ಮೊದಲು ಬಣ್ಣ ಕೊಡುವುದಿಲ್ಲ. ಅಡ್ಡ, ಉದ್ದ ಗೆರೆಗಳ ಚೌಕಳಿ ಹಾಕಿ, ಅದರೊಳಗೆ ಬುದ್ಧನ ತಲೆಯೊಂದನ್ನೇ ಬರೆಸುತ್ತಾರೆ. ತಲೆ ಒಪ್ಪವಾದ ಮೇಲೆ ಮೈ, ಮೈ ಒಪ್ಪವಾದ ಮೇಲೆ ವಸ್ತ್ರ, ಆಮೇಲೆ ಇತರ ದೇವತೆಗಳು. ಬುದ್ಧನ ಆಕೃತಿಗೆ 125 ಅಂಗುಲ ಎಂಬ ಲೆಕ್ಕವಿದೆ. ನಮ್ಮ ಶಿಲ್ಪಿಗಳ ತಾಲಮಾನದ ಬಳಗದ ಲೆಕ್ಕವೇ ಇದು; ನಮ್ಮಲ್ಲಿ ನವತಾಲದ ಮೂರ್ತಿಗೆ 108 ಅಂಗುಲ. ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರ ಚಿತ್ರದ ಆರು ಅಂಗಗಳನ್ನು ಹೇಳುವಾಗ ರೂಪಭೇದದ ಬೆನ್ನಿಗೇ ಪ್ರಮಾಣವನ್ನು ಇಡುತ್ತಾನೆ. ಭಾವ, ಲಾವಣ್ಯ ಅದರ ನಂತರ. ಈ ಕ್ರಮ ಸರಿ ಎಂದೇ ನನ್ನ ನಂಬಿಕೆ. ಭಾವ ತುಂಬಿ ಬಂದಿದೆ ಎಂದು ಕುಂಚ ಹಿಡಿದವನಿಗೆ ಆ ಭಾವವನ್ನು ನಿಲ್ಲಿಸಲು ನೆಲ ಬೇಕು. ಅಳತೆ ಆ ನೆಲ.

ಮುಂದಿನ ಕೆಲಸವೂ ಹಾಗೆಯೇ, ನಿಧಾನ. ಹತ್ತಿಯ ಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿದು ಕಟ್ಟುತ್ತಾರೆ. ಸುಣ್ಣದ ಪುಡಿಗೆ ಚರ್ಮದಿಂದ ಕಾಯಿಸಿ ತೆಗೆದ ಅಂಟು ಕಲಸಿ ಬಳಿಯುತ್ತಾರೆ. ಒಣಗಿದ ಮೇಲೆ ನುಣ್ಣನೆಯ ಕಲ್ಲಿನಿಂದ ಉಜ್ಜುತ್ತಾರೆ, ನೇಯ್ಗೆಯ ಎಳೆ ಬೆರಳಿಗೆ ಸಿಗದಷ್ಟು. ಸಾಂಪ್ರದಾಯಿಕ ಬಣ್ಣಗಳು ಕಲ್ಲಿನಿಂದ ಬಂದವು. ತಾಮ್ರದ ಅದಿರಿನಿಂದ ನೀಲಿ ಮತ್ತು ಹಸಿರು, ಇಂಗಲೀಕದಿಂದ ಕೆಂಪು. ಮೊದಲು ದೂರದ ಆಕಾಶ, ಬೆಟ್ಟ, ನೀರು, ಆಮೇಲೆ ಹತ್ತಿರದ್ದು. ಬಣ್ಣದ ಮೇಲೆ ಛಾಯೆ, ಛಾಯೆಯ ಮೇಲೆ ಅಂಚಿನ ಗೆರೆ, ಅದರ ಮೇಲೆ ಚಿನ್ನ. ಎಲ್ಲ ಮುಗಿದು ಉಳಿದದ್ದು ಕಣ್ಣು. ಅಷ್ಟು ಕಾಲ ನೋಟವಿಲ್ಲದೆ ಕುಳಿತಿದ್ದ ಮುಖಕ್ಕೆ ಕೊನೆಯಲ್ಲಿ ಕಣ್ಣು ಬರೆಯುತ್ತಾರೆ. ಬರೆದವನ ಹೆಸರು ಮಾತ್ರ ಸಾಮಾನ್ಯವಾಗಿ ಚಿತ್ರದ ಮೇಲೆ ಇರುವುದಿಲ್ಲ.

ಕಲಿಯುವವನಿಗೆ ಇದರಿಂದ ಬರುವುದು ಕೈಚಳಕವೊಂದೇ ಅಲ್ಲ. ಮುಖ್ಯವಾದದ್ದನ್ನು ಕೊನೆಗಿಟ್ಟುಕೊಂಡು, ಅಲ್ಲಿಯವರೆಗಿನ ಕೆಲಸವನ್ನು ಅಷ್ಟೇ ಅಕ್ಕರೆಯಿಂದ ಮಾಡುವ ಗುಣ ಬರುತ್ತದೆ. ಮದುವೆ, ಮನೆ, ನೌಕರಿ ಎಲ್ಲದರಲ್ಲೂ ನಾವು ಕಣ್ಣನ್ನೇ ಮೊದಲು ಬರೆಯಲು ಹೊರಡುವವರು. ಬಟ್ಟೆ ಉಜ್ಜುವ ದಿನಗಳಿಗೆ ನಮ್ಮಲ್ಲಿ ಸೈರಣೆ ಇಲ್ಲ.

ಅಳತೆಯೆಂದರೆ ಚೌಕಳಿಯೇ ಆಗಬೇಕೆಂದಿಲ್ಲ. ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ನೋಡಿ. ಕಾಗದದ ಮೇಲೆ ನಕ್ಷೆಯಿಲ್ಲ, ಪಟ್ಟಿಯಿಲ್ಲ. ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಹರಿದ ಅಂಗಿಯ ತುಂಡು, ಕುಪ್ಪಸದ ತುಂಡು, ಯಾವುದರ ಪಕ್ಕ ಯಾವುದು ಎಂಬುದನ್ನು ಕಣ್ಣೇ ತೀರ್ಮಾನಿಸಬೇಕು. ಕಡುಗೆಂಪಿನ ಪಕ್ಕ ತಿಳಿಹಳದಿ ಬಂದು ಕೂರುವ ಧೈರ್ಯ ಬೆರಗು ಹುಟ್ಟಿಸುತ್ತದೆ. ಮೇಲೆಲ್ಲ ಒತ್ತೊತ್ತಾದ ಹೊಲಿಗೆ, ಮಳೆಗಾಲದ ಗದ್ದೆಯಲ್ಲಿ ಸಾಲು ಹಿಡಿದ ನಾಟಿಯಂತೆ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದ್ದರಲ್ಲಿ ಅರ್ಧಚಂದ್ರ ಕಾಣುವುದುಂಟು. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡಲೇಬೇಕು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ. ಹೊದ್ದವರಿಗೆ ಆ ಹೂವಿನಿಂದ ಹೆಚ್ಚಿನ ಬಿಸುಪೇನೂ ಸಿಗುವುದಿಲ್ಲ. ಆದರೂ ಬೇಕು. ಬಡತನದ ಮನೆಯಲ್ಲಿ ಹುಟ್ಟಿದ ಈ ಬೇಕು ಎಂಬುದನ್ನು ನಾನು ಯಾವ ದೊಡ್ಡ ಕಲಾಶಾಲೆಯ ಪಾಠಕ್ಕೂ ಕಡಿಮೆ ಎಣಿಸಲಾರೆ. ಈ ಹೆಣ್ಣುಮಕ್ಕಳನ್ನು ಚಿತ್ರಕಾರರು ಎಂದು ಕರೆಯಲು ನಮಗೆ ಇನ್ನೂ ಬಾಯಿ ಬಂದಿಲ್ಲ, ಬರಬೇಕು.

ಇನ್ನು ದಾಂಡೇಲಿ, ಜೋಯಿಡಾದ ಕಾಡು. ಇಲ್ಲಿ ಅಳತೆಯನ್ನು ಯಾರೂ ಕೊಡುವುದಿಲ್ಲ, ನೋಡಿಯೇ ಹುಡುಕಿಕೊಳ್ಳಬೇಕು. ಕಾಳಿ ನದಿಯ ದಂಡೆಯ ಮರದಲ್ಲಿ ಕುಳಿತ ಮಂಗಟ್ಟೆ ಹಕ್ಕಿಯನ್ನು ಬರೆಯಲು ಹೊರಟರೆ ಕೈ ಮೊದಲು ಕೊಕ್ಕಿಗೆ ಹೋಗುತ್ತದೆ, ಅದನ್ನು ಇದ್ದುದಕ್ಕಿಂತ ದೊಡ್ಡದು ಮಾಡುತ್ತದೆ. ಕಣ್ಣು ಕಂಡದ್ದನ್ನು ಬಿಟ್ಟು ಮನಸ್ಸು ಮೊದಲೇ ತಿಳಿದದ್ದನ್ನು ಬರೆದುಬಿಡುವುದು ಹೀಗೆ. ಕೊಂಬೆಗೂ ಬಾಲಕ್ಕೂ ನಡುವೆ ಉಳಿದ ಆಕಾಶದ ಆಕಾರವನ್ನು ಮೊದಲು ಬರೆಯಿರಿ, ಹಕ್ಕಿ ತಾನಾಗಿ ಸರಿಯಾದ ಜಾಗದಲ್ಲಿ ಬಂದು ಕೂರುತ್ತದೆ. ಮನುಷ್ಯರ ಬಗ್ಗೆ ನಾವು ಕಟ್ಟಿಕೊಂಡ ಅಭಿಪ್ರಾಯಗಳಿಗೂ ಇದೇ ಮದ್ದು: ತಿಳಿದಿದೆ ಎಂದುಕೊಂಡದ್ದನ್ನು ಬದಿಗಿಟ್ಟು, ಕಂಡದ್ದನ್ನು ನೋಡುವುದು. ಅಂದಹಾಗೆ, ದೊಡ್ಡ ಮಂಗಟ್ಟೆಯ ಕೊಕ್ಕು, ಕುತ್ತಿಗೆಗಳ ಹಳದಿ ಅದರ ಬಾಲದ ಬುಡದ ಗ್ರಂಥಿಯ ಎಣ್ಣೆಯಿಂದ ಬಂದದ್ದು. ಕೊಕ್ಕಿನಿಂದ ಒತ್ತಿ ತೆಗೆದು ತನ್ನ ಮೈಗೆ ತಾನೇ ಬಳಿದುಕೊಳ್ಳುತ್ತದೆ. ಕಾಡಿನಲ್ಲೂ ಬಣ್ಣಗಾರರಿದ್ದಾರೆ.

ದಾಂಡೇಲಿಯ ಕಾಗದದ ಗಿರಣಿಯ ಕಂಪನಿ ಸ್ಥಾಪನೆಯಾದದ್ದು 1955ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ನೆಲದಿಂದ ಎಷ್ಟೋ ಕಾಗದ ಹೊರಗೆ ಹೋಗಿದೆ. ಹೀಗೆ ನೋಡಿ ಬರೆಯಲು ಇಲ್ಲಿನ ಮಕ್ಕಳಿಗೂ ಬಿಳಿಯ ಒಂದು ಹಾಳೆ, ಒಂದು ಪೆನ್ಸಿಲ್, ವಾರಕ್ಕೊಂದು ತಾಸು ಸಿಗಲಿ. ಮೇಷ್ಟ್ರುಗಳೇ, ಅಕ್ಕೋರೇ, ಪರೀಕ್ಷೆ ಹತ್ತಿರ ಬಂತೆಂದು ಚಿತ್ರಕಲೆಯ ಪಿರಿಯಡ್ಡನ್ನು ದಯವಿಟ್ಟು ಗಣಿತಕ್ಕೆ ಕೊಡಬೇಡಿ.