ಹತ್ತನೆಯ ದಿನದ ಮುಳ್ಳು

ಇಲಿಯ ಮಿದುಳಿನ ಒಂದು ತೆಳು ಪದರದ ಚಿತ್ರವನ್ನು ನಾನು ಬಿದರಿ ಹೂಜಿಯನ್ನು ನೋಡುವ ಹಾಗೆ ನೋಡುತ್ತ ಕೂರುತ್ತೇನೆ. ಬಿದರಿಯಲ್ಲಿ ಕಪ್ಪು ನೆಲದ ಮೇಲೆ ಬೆಳ್ಳಿಯ ಬಳ್ಳಿ ಹರಿದಿರುತ್ತದೆ. ಇಲ್ಲಿ ಬೆಳ್ಳಿಯೇ ಕಪ್ಪಾಗಿ ಹಳದಿ ನೆಲದ ಮೇಲೆ ಕವಲೊಡೆದಿದೆ. 1873ರಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಕಂಡುಕೊಂಡ ಬಣ್ಣಗಾರಿಕೆ ಇದು. ಅಸಂಖ್ಯ ನರಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ ಬೆಳ್ಳಿ ಹಿಡಿಯುತ್ತವೆ. ಹಿಡಿದದ್ದು ಬುಡದಿಂದ ತುದಿಯವರೆಗೆ ಇಡಿಯಾಗಿ ಕಾಣುತ್ತದೆ. ಎಲ್ಲವೂ ಹಿಡಿದಿದ್ದರೆ ಬರೀ ಮಸಿ. ಹಿಗ್ಗಿಸಿ ನೋಡಿದರೆ ಕೊಂಬೆಗಳ ತುಂಬ ಸಣ್ಣ ಮುಳ್ಳುಗಳು. ಕೋಶ ಕೋಶದ ನಡುವಿನ ಮಾತು ಬಹುಪಾಲು ತಲುಪುವುದು ಅಲ್ಲಿಗೇ.

ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕೆಲಸದ ಸೊಗಸೆಲ್ಲ ಕಾಯುವುದರಲ್ಲಿದೆ. ಇಲಿಯನ್ನು ಒಂದೇ ಸಲ, ಎರಡು ಗಂಟೆ ಅಲುಗದಂತೆ ಹಿಡಿದಿಟ್ಟರು. ಮರುದಿನ ಅಮಿಗ್ಡಲದಲ್ಲಿ, ಅಂದರೆ ಮಿದುಳಿನಲ್ಲಿ ಭಯ ನೆಲೆಸುವ ಜಾಗದಲ್ಲಿ, ಮುಳ್ಳು ಹೆಚ್ಚಿರಲಿಲ್ಲ. ಹತ್ತು ದಿನ ಬಿಟ್ಟು ನೋಡಿದರೆ ಹೆಚ್ಚಿತ್ತು, ಇಲಿಯೂ ಅಂಜುಬುರುಕವಾಗಿತ್ತು.

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಈ ತಡ ಹೊಸದಲ್ಲ. 1948ರ ಮೇ ತಿಂಗಳಲ್ಲಿ ಹೈದರಾಬಾದ್ ನಿಜಾಮನ ಪರವಾಗಿದ್ದ ರಜಾಕಾರರು ಅಲ್ಲಿಯ ಗೋರಟಾ ಹಳ್ಳಿಯ ಮೇಲೆ ಬಿದ್ದು ಜನರನ್ನು ಕೊಂದರು. ಸೆಪ್ಟೆಂಬರಿನಲ್ಲಿ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಮನೆಗಳಲ್ಲಿ ನೆತ್ತರು ಹರಿಯಿತು; ಅದನ್ನು ವಿಚಾರಿಸಲು ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಹಾವಳಿ ನಿಂತು ಎಷ್ಟೋ ವರ್ಷಗಳಾದ ಮೇಲೂ ಕತ್ತಲಾಯಿತೆಂದರೆ ಹಾಕಿದ ಅಗಳಿಯನ್ನೇ ಮತ್ತೆ ಮುಟ್ಟಿ ನೋಡುವ ಹಿರಿಯರು ಎರಡೂ ಕಡೆಯ ಮನೆಗಳಲ್ಲಿದ್ದರು.

ಚಟರ್ಜಿ ತಂಡದ ಮುಂದಿನ ಪ್ರಯೋಗ ಇನ್ನೂ ಚೆಲುವು. ತೀವ್ರ ನಿಗಾ ಘಟಕದಲ್ಲಿ ಹೈಡ್ರೊಕಾರ್ಟಿಸೋನ್ ಪಡೆದವರನ್ನು ಆಘಾತದ ಬೇನೆ ಆಮೇಲೆ ಕಡಿಮೆ ಕಾಡಿತೆಂದು ಮ್ಯೂನಿಕ್‌ನ ಗುಸ್ತಾವ್ ಶೆಲ್ಲಿಂಗ್ ಕಂಡಿದ್ದರು. 2012ರಲ್ಲಿ ಪ್ರಕಟವಾದ ಕೆಲಸದಲ್ಲಿ ಬೆಂಗಳೂರಿನವರು ಇಲಿಯ ಕುಡಿಯುವ ನೀರಿಗೆ ಅದನ್ನು ಹಿಡಿದಿಡುವ ಮೊದಲೇ ಹೈಡ್ರೊಕಾರ್ಟಿಸೋನ್‌ನ ಜಾತಿಯದೇ ಆದ ಕಾರ್ಟಿಕೊಸ್ಟೆರಾನ್ ಬೆರೆಸಿದರು. ಹತ್ತನೆಯ ದಿನ ಮುಳ್ಳು ಹೆಚ್ಚಲಿಲ್ಲ! ಗಾಬರಿಯಲ್ಲಿ ಮೈಯೇ ಸುರಿಸುವ ರಸವದು. ಇಷ್ಟು ದಿನ ಒತ್ತಡದ ರಸವೆಂದು ಬೈಸಿಕೊಂಡಿದ್ದೇ ಇಲ್ಲಿ ಕಾಯಿತು. ಎಷ್ಟು ಸಲ ಓದಿದರೂ ಈ ತಿರುವಿನ ಸುಖ ತೀರುವುದಿಲ್ಲ.

ಬೇರೂರಿದ ನೆನಪಿಗೆ ದಾರಿ ಬೇರೆ. ಕೆದಕಿದ ನೆನಪು ಕೆಲಹೊತ್ತು ಸಡಿಲಗೊಂಡು ಮತ್ತೆ ಗಟ್ಟಿಯಾಗಬೇಕಾಗುತ್ತದೆಂದು ಕರೀಮ್ ನಾದರ್ 2000ದಲ್ಲಿ ಇಲಿಗಳಲ್ಲಿ ತೋರಿಸಿದರು. ಆ ಸಂದಿನಲ್ಲಿ ಕೆಲಸ ಮಾಡಲೆಂದು ಕೊಡುವುದು ಪ್ರೊಪ್ರನೊಲಾಲ್, ಬಿಪಿಗೆ ಕೊಡುತ್ತ ಬಂದ ಹಳೆಯ ಮಾತ್ರೆ. ಕೆನಡಾದ ಅಲೆನ್ ಬ್ರುನೆ ತಂಡ ಅದನ್ನು ನುಂಗಿಸಿ, ರೋಗಿ ತಾನೇ ಬರೆದ ಘಟನೆಯನ್ನು ವಾರಕ್ಕೊಮ್ಮೆಯಂತೆ ಗಟ್ಟಿಯಾಗಿ ಓದಿಸಿತು. ಬರೀ ಹುಸಿ ಮಾತ್ರೆ ನುಂಗಿದವರಿಗಿಂತ ಇವರ ಬೇನೆ ಹೆಚ್ಚು ತಗ್ಗಿತೆಂದು 2018ರಲ್ಲಿ ವರದಿ ಮಾಡಿತು. ಎಲ್ಲ ಕಡೆ ಅದೇ ಫಲ ಸಿಕ್ಕಿಲ್ಲ. ವೈದ್ಯರಿಲ್ಲದೆ ನುಂಗುವ ಮದ್ದೂ ಇದಲ್ಲ. ಆದರೆ ನಡೆದದ್ದನ್ನು ಅಳಿಸದೆ ಅದರ ಕಾವನ್ನಷ್ಟೇ ಇಳಿಸುವ ಆ ಸಂಯಮ ನನಗೆ ಬಹಳ ಪ್ರಿಯ. 1948ನ್ನು ಮರೆಸುವ ಮದ್ದು ನಮಗೆ ಬೇಡ. ಯಾವ ಓಣಿ, ಯಾರ ಮನೆ ಎಂದು ಹೆಸರು ಹಿಡಿದು ಹೇಳಬಲ್ಲ ಅಜ್ಜಿಗೆ, ಹೇಳುವಾಗ ಎದೆ ಹಾರದಿದ್ದರೆ ಸಾಕಿತ್ತು.