ಓದಿನ ಅಭಿರುಚಿ ಮತ್ತು ‘ದ್ವೀಪ’

ಗ್ರಂಥಪ್ರೇಮಿಗಳಾದ ನಮ್ಮಲ್ಲಿ ಒಬ್ಬೊಬ್ಬರ ಅಭಿರುಚಿ ಒಂದೊಂದು ತೆರನಾದುದು. ಕೆಲವರಿಗೆ ಕಥೆಯ ಕುತೂಹಲವೇ ಸರ್ವಸ್ವ. ಅದು ತಣಿದೊಡನೆ ಪುಸ್ತಕ ಕಪಾಟು ಸೇರುವುದು. ಇಂಥ ಓದಿಗೆ ಸಾಗರದ ನಾ. ಡಿಸೋಜರ ‘ದ್ವೀಪ’ ಒಗ್ಗದು (ಅರೆ ಓದಿ ಕೈಬಿಟ್ಟವರನ್ನು ನಾನು ಬಲ್ಲೆ). ಶರಾವತಿಯ ಹಿನ್ನೀರು ಏರುತ್ತದೆ, ಗುಡ್ಡದ ಮೇಲೊಂದು ಸಂಸಾರ ಸಿಕ್ಕಿಕೊಳ್ಳುತ್ತದೆ; ಕಥೆಯೆಂದರೆ ಇಷ್ಟೇ. ಆದರೆ ನೀರಿನೊಡನೆ ಗಂಡನ ಮನದ ಸಂಶಯವೂ ಏರುವ ಬಗೆಯನ್ನು ಕಾಣಬೇಕಾದರೆ ನಿಧಾನವಾಗಿಯೇ ಓದಬೇಕು. ಗಿರೀಶ ಕಾಸರವಳ್ಳಿಯವರ ಚಲನಚಿತ್ರವನ್ನು ನೋಡಿದೆವು, ಇನ್ನು ಪುಸ್ತಕವೇಕೆ ಎನ್ನುವವರುಂಟು. ಚಿತ್ರ ಉತ್ತಮವಾದುದೇ, ಆದರೂ ಅದು ನಿರ್ದೇಶಕರ ಓದು.

ತಾಳಗುಪ್ಪದ ಸೀಮೆಯ ಓದುಗರಿಗೆ ಈ ಮಾತು ಹೆಚ್ಚು ಸಲ್ಲುವುದು. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡುದು 1964ರಲ್ಲಿ; ಮುಳುಗಿದ ಊರುಗಳನ್ನು ಕಣ್ಣಾರೆ ಕಂಡವರು ವರ್ಷವರ್ಷಕ್ಕೆ ವಿರಳರಾಗುತ್ತಿದ್ದಾರೆ. ಶರಾವತಿ ಯೋಜನೆಯಲ್ಲಿ ನೌಕರರಾಗಿದ್ದು ಅದೆಲ್ಲವನ್ನೂ ಹತ್ತಿರದಿಂದ ಕಂಡಿದ್ದ ಡಿಸೋಜರೂ 2025ರ ಜನವರಿಯಲ್ಲಿ ತೀರಿಕೊಂಡರು. ಮನೆಯಲ್ಲಿ ಆ ಕಾಲದ ಹಿರಿಯರಿದ್ದರೆ ಪುಸ್ತಕವನ್ನು ಅವರೆದುರು ಗಟ್ಟಿಯಾಗಿ ಓದಿರಿ. ತಪ್ಪು ಕಂಡಲ್ಲಿ ಅವರೇ ನಿಮ್ಮನ್ನು ತಡೆದು, ತಮ್ಮ ಊರಿನ ಮಾತು ತೆಗೆಯುವರು.