ಅಭಿಮಾನದ ಖರ್ಚು ಯಾರದು?

ಜಾದವ್‌ಪುರದ ನಮ್ಮ ಮನೆಯಲ್ಲಿ ಕಿರಿಯವನು ಮೈನ್‌ಕ್ರಾಫ್ಟ್ ಆಟದ ವಿವರ ಓದಲು ಕುಳಿತರೆ ನಾವೂ ಇಣುಕಿ ನೋಡುವುದುಂಟು. ಆಟದ ಅಭಿಮಾನಿಗಳೇ ಸಂಬಳವಿಲ್ಲದೆ ಬರೆದಿಟ್ಟ ವಿಶ್ವಕೋಶ ಅದು, ಬರವಣಿಗೆ ಅಚ್ಚುಕಟ್ಟು. ಆದರೆ ಫ್ಯಾಂಡಮ್ ತಾಣದಲ್ಲಿ ನಾಲ್ಕು ಸಾಲು ಓದುವಷ್ಟರಲ್ಲಿ ಜಾಹೀರಾತು ಅಡ್ಡ ಬರುತ್ತದೆ. 2004ರಲ್ಲಿ ವಿಕಿಸಿಟೀಸ್ ಎಂದು ಆರಂಭವಾದ ಈ ಕಂಪನಿ ಜಾಗವನ್ನು ಬಿಟ್ಟಿಯಾಗಿ ಕೊಟ್ಟು, ಜಾಹೀರಾತಿನಿಂದ ಸಂಪಾದಿಸುತ್ತದೆ.

ಯಂತ್ರಕ್ಕೂ ವಿದ್ಯುತ್ತಿಗೂ ಹಣ ಬೇಕು, ಒಪ್ಪೋಣ. ಆದರೆ ಬರೆದವರಿಗೇ ಪುಟದ ಮೇಲೆ ಹಿಡಿತವಿಲ್ಲದಿದ್ದರೆ? 2018ರಲ್ಲಿ ರೂನ್‌ಸ್ಕೇಪ್ ಬಳಗ, 2023ರಲ್ಲಿ ಮೈನ್‌ಕ್ರಾಫ್ಟ್ ಬಳಗ ಬೇರೆ ಮನೆ ಹೂಡಿದವು. ಮುಕ್ತ ಪರವಾನಗಿ ಇದ್ದುದರಿಂದ ಬರಹವನ್ನು ಹೊತ್ತೊಯ್ಯಲು ಸಾಧ್ಯವಾಯಿತು; ಹಳೆಯ ಪ್ರತಿ ಮಾತ್ರ ಕಂಪನಿಯಲ್ಲೇ ಉಳಿಯಿತು. ರೂನ್‌ಸ್ಕೇಪ್ ಬಳಗಕ್ಕೆ ಆಟ ತಯಾರಿಸಿದ ಸಂಸ್ಥೆಯೇ ಆಸರೆ. ಅನ್ನ ಹಾಕುವವರ ಆಟದ ಕುಂದನ್ನು ನಾಳೆ ಎತ್ತಿ ಹೇಳಲಾದೀತೆ ಎಂಬ ಸಂಶಯ ನಮಗುಂಟು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಜಾಹೀರಾತಿಲ್ಲ. ಓದುಗರ ದೇಣಿಗೆಯೇ ಅದಕ್ಕೆ ಆಧಾರ. ಎಲ್ಲರಿಗೂ ಆ ಭಾಗ್ಯವಿಲ್ಲ. ನಮ್ಮ ಈ ಮಾಸಿಕಕ್ಕೂ ಜಾಹೀರಾತು ಬೇಕು. ಆದರೆ ಅದು ಹಿಂಬದಿಯ ರಕ್ಷಾಪುಟದಲ್ಲಿ ಕೂರುತ್ತದೆ, ಕವಿತೆಯ ನಡುವೆ ಅಲ್ಲ. ಎಲ್ಲಿ ಕೂರಬೇಕೆಂದು ಹೇಳುವ ಹಕ್ಕಾದರೂ ಪುಕ್ಕಟೆ ದುಡಿದವರಿಗೆ ಇರಬೇಡವೆ?